ಎಬ್ಬೆಟ್ಟಲ್ಲ, ಹೆಬ್ಬೆಟ್ಟು

ಪ್ರೇಮಲೀಲಾ ನಿರ್ದಯಿ ಹೆಂಗಸು. ಮನೆಗೆ ಬೆಂಕಿ ಬಿದ್ದು ಗಂಡ 'ಒಗೆ, ಒಗೆ' ಎಂದು ಕೂಗಿಕೊಂಡರೆ, ಮೊದಲು 'ಹೊಗೆ' ಎಂದು ತಿದ್ದಿ ಆಮೇಲೆ ನೀರಿಗೆ ಓಡುವವರು. ಇದು ಅವರ ಗಂಡ ಶಿವರುದ್ರಪ್ಪನವರ ಖಚಿತ ಅಭಿಪ್ರಾಯ. ಸಂತೇಪೇಟೆಯಲ್ಲಿ ಅಕ್ಕಿ ಮಂಡಿ ಇಟ್ಟಿದ್ದ ಶಿವರುದ್ರಪ್ಪನವರ ನಾಲಗೆಗೂ ಹಕಾರಕ್ಕೂ ಹುಟ್ಟಾ ವೈರ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಪ್ರೇಮಲೀಲಾ, ಮದುವೆಯಾದಂದಿನಿಂದ ಆ ವೈರ ಬಿಡಿಸುವ ಹಟ ತೊಟ್ಟಿದ್ದರು. ಈಗ ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಮಾತು ಮಾತ್ರ ನೆಟ್ಟಗೇ ಇತ್ತು.

ವಿಮಾ ಕಂಪನಿಯ ಕಚೇರಿಯಲ್ಲಿ ವಾಗೀಶ ಎಂಬ ತರುಣ ಅಧಿಕಾರಿ ಈ ದಂಪತಿಯ ಎದುರು ಎರಡು ಕಾಗದಗಳನ್ನು ಅಕ್ಕಪಕ್ಕ ಹರಡಿಕೊಂಡು ಆಗಲೇ ಬಹಳ ಹೊತ್ತಿನಿಂದ ತಲೆ ಆಡಿಸುತ್ತಿದ್ದ.

ವಾಗೀಶ: ಹೊಂದ್ತಾ ಇಲ್ಲ ಮೇಡಂ. ಪಾಲಿಸಿ ತಗೊಂಡಾಗಿನ ಸೈನು ನೋಡಿ, ಮುತ್ತು ಪೋಣಿಸಿದ ಹಾಗಿದೆ. ಇವತ್ತಿಂದು ಕೋಳಿ ಕೆದಕಿದ ಹಾಗಿದೆ ಅಂತ ನಾನು ಹೇಳಲ್ಲ.

ಪ್ರೇಮಲೀಲಾ: ಹೇಳಿಯೇಬಿಟ್ಟಿರಲ್ಲ. ಅದು ಹೋದ ಶತಮಾನದ ಸೈನು. ಎರಡೂ ನನ್ನದೇ.

ವಾಗೀಶ: ನಿಮ್ಮದೇ ಅನ್ನೋದಕ್ಕೆ ಪುರಾವೆ?

ಪ್ರೇಮಲೀಲಾ: ಎದುರಿಗೆ ಕೂತಿದ್ದೀನಲ್ಲ.

ವಾಗೀಶ: ನೀವು ಕೂತಿರೋದನ್ನ ಫೈಲಿಗೆ ಹಾಕೋಕಾಗಲ್ಲ ಮೇಡಂ.

ಶಿವರುದ್ರಪ್ಪ: ಸ್ವಾಮಿ, ಕೈ ಸೊಟ್ಟ ಆಗಿರೋದ್ಕೇ ಅಲ್ವಾ ಆ ದೊಡ್ಡ ಇಂಜೆಕ್ಷನ್ನು ಕೇಳ್ತಿರೋದು? ಬೆಂಗ್ಳೂರು ಡಾಕ್ಟ್ರು ನಾಳೆ ಬತ್ತಾರೆ. ನಿಮ್ಮ ಒಪ್ಗೆ ಕಾಗ್ದ ಇಲ್ದೆ ಆಸ್ಪತ್ರೇಲಿ ಸೇರುಸ್ಕೊಳಲ್ಲ. ತಪ್ಪುದ್ರೆ ಮುಂದಿನ ತಿಂಗ್ಳೇ. ಕೈಯಿಂದ ಆಕ್ಕೊಳಾದ್ರೆ ಮಂಡಿ ಮಾರ್ಬೇಕು, ಅದನ್ನ ಆಗ್ಲೇ ಮಾರಾಯ್ತು.

ವಾಗೀಶ: ನಾನೂ ಅದನ್ನೇ ಹೇಳ್ತಿರೋದು ಸರ್. ಮೊದ್ಲು ಕೈ ಸರಿಯಾಗ್ಲಿ. ಬಂದು ಹಳೇ ಥರ ಒಂದು ಸೈನ್ ಹಾಕ್ಲಿ. ಅವತ್ತೇ ಚಿಕಿತ್ಸೆಗೆ ಒಪ್ಪಿಗೆ ಕೊಡ್ತೀನಿ.

ಪ್ರೇಮಲೀಲಾ: ಕೈ ಸರಿಯಾದ ಮೇಲೆ ಚಿಕಿತ್ಸೆ ಯಾತಕ್ಕಪ್ಪ?

ವಾಗೀಶ: ಬೇಡ ಅಂದ್ರೆ ಬೇಡ ಅಂತ ಬರ್ದುಕೊಡಿ. ಅದಕ್ಕೂ ಸೈನ್ ಬೇಕು.

ಶಿವರುದ್ರಪ್ಪ ಹೆಂಡತಿಯ ಮುಖ ನೋಡುವ ಧೈರ್ಯವಿಲ್ಲದೆ, ಮೇಜಿನ ಮೂಲೆಯಲ್ಲಿದ್ದ ಮಸಿ ಪ್ಯಾಡನ್ನು ನೋಡುತ್ತ ಬಾಯಿ ತೆರೆದರು.

ಶಿವರುದ್ರಪ್ಪ: ಎಬ್ಬೆಟ್ಟು ಒತ್ತುಸ್ಬುಡಿ ಸ್ವಾಮಿ. ಆಗಲ್ವಾ?

ಪ್ರೇಮಲೀಲಾ: ಹೆಬ್ಬೆಟ್ಟು!

ವಾಗೀಶ: ಸಂತೋಷ ಮೇಡಂ. ನೀವೇ ಒಪ್ಕೊಂಡ್ರಲ್ಲ, ಮುಗೀತು.

ಅವನು ಪ್ಯಾಡನ್ನು ಮುಂದಕ್ಕೆ ತಳ್ಳಿದ.

ಪ್ರೇಮಲೀಲಾ: ನಾನು ಒಪ್ಪಲಿಲ್ಲ. ತಿದ್ದಿದೆ.

ವಾಗೀಶ: ಏನನ್ನ?

ಪ್ರೇಮಲೀಲಾ: ಇವರನ್ನ.

ಶಿವರುದ್ರಪ್ಪ: ಮದ್ವೆ ಆದಾಗ್ನಿಂದ ತಿದ್ತಾವ್ಳೆ ಕಣಪ್ಪ. ಆ ಫೈಲೂ ಇನ್ನೂ ಮುಚ್ಚಿಲ್ಲ.

ಪ್ರೇಮಲೀಲಾ: ಸಾಕ್ಷರತಾ ಆಂದೋಲನದಲ್ಲಿ ನಮ್ಮ ವಿದ್ಯಾರಣ್ಯಪುರಂ ಮುದುಕಿಯರಿಗೆಲ್ಲ ಹೆಬ್ಬೆಟ್ಟು ಬಿಡಿಸಿ ಸೈನು ಕಲಿಸಿದವಳು ನಾನು. ಹೂವಿನ ಮಂಚಮ್ಮ ಈಗ ಪೂರ್ತಿ ಹೆಸರು ಬರೀತಾಳೆ. ನಾನು ಹೆಬ್ಬೆಟ್ಟೊತ್ತಿದೆ ಅಂತ ಗೊತ್ತಾದರೆ ಅವಳು ಏನಂದುಕೊಂಡಾಳು?

ಶಿವರುದ್ರಪ್ಪ: ಮಂಚಮ್ಮ ಬಂದು ನಿನ್ನ ಜಡೆ ಎಣೀತಾಳಾ?

ಪಕ್ಕದ ಮೇಜಿನ ಹುಡುಗಿ ಕೆಲಸ ನಿಲ್ಲಿಸಿ ಇತ್ತ ತಿರುಗಿದಳು. ಶಿವರುದ್ರಪ್ಪನವರಿಗೆ ಈಗ ತಡೆಯಲಾಗಲಿಲ್ಲ.

ಶಿವರುದ್ರಪ್ಪ: ನಾನೇ ಕಣಪ್ಪ ದಿನಾ ಎಣಿಯೋದು. ಮೂಟೆ ಒಲಿದ ಕೈ ಇದು. ಬಿಗಿ ಮಾಡುದ್ರೆ ನೋವು ಅಂತಾಳೆ, ಸಡ್ಲ ಮಾಡುದ್ರೆ ವಕ್ರ ಅಂತಾಳೆ. ಬೀದಿಯೋರ್ಗೆ ಕಾಣ್ಬಾರ್ದು ಅಂತ ಬಾಗ್ಲು ಬೇರೆ ಆಕುಸ್ತಾಳೆ. ಇವ್ಳ ಮಾನಕ್ಕೆ ಅಂತ ಇಷ್ಟ್ ದಿನ ಬಾಯ್ಮುಚ್ಕೊಂಡಿದ್ದೆ. ನಾಳೆ ತಪ್ಪುದ್ರೆ ಇನ್ನೊಂದ್ ತಿಂಗ್ಳು ಆ ಬೆಳ್ಳುಗಳು ಎಂಗೆ ನೋಯ್ತವೆ ಅಂತ ನಿಮ್ಗೇನು ಗೊತ್ತು?

ಪ್ರೇಮಲೀಲಾ: ಹೆಣೆಯೋದು. ಎಣಿಸೋದಕ್ಕೆ ಇರೋದು ಒಂದೇ ಜಡೆ.

ಹಾಗೆಂದವರು, ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದ ಬಲಗೈಯನ್ನು ಹೊರತೆಗೆದು ಮೇಜಿನ ಮೇಲಿಟ್ಟರು.

ವಾಗೀಶ: ಒಂದೇ ಒಂದು ಸಣ್ಣ ವಿಷಯ. ಹೆಬ್ಬೆಟ್ಟು ಒತ್ತೋರು ಅನಕ್ಷರಸ್ಥರು, ಅವ್ರಿಗೆ ಷರತ್ತನ್ನೆಲ್ಲ ಓದಿ ಅರ್ಥ ಮಾಡಿಸಿದ್ದೀವಿ ಅಂತ ಓದು ಬಂದವ್ರೊಬ್ರು ಬರ್ದುಕೊಡ್ಬೇಕು. ಮನೆಯವ್ರೇ ಆಗ್ಬೋದು. ಸರ್, ನಿಮ್ದು ಎಲ್ಲೀವರ್ಗೆ?

ಶಿವರುದ್ರಪ್ಪ: ಎಂಟ್ನೇ ಕ್ಲಾಸು.

ವಾಗೀಶ: ಮೇಡಂದು?

ಪ್ರೇಮಲೀಲಾ: ಎಂ.ಎ. ಚಿನ್ನದ ಪದಕ.

ವಾಗೀಶ: ಸರಿ ಹಾಗಾದ್ರೆ. ಸರ್, ನೀವು ಓದಿ ಮೇಡಂಗೆ ಅರ್ಥ ಮಾಡ್ಸಿ.

ಶಿವರುದ್ರಪ್ಪ: ಓದೋದೇನು ಬುಡಿ, ಓದುದ್ದೀನಿ ಅಂತ ಬರ್ದುಬುಡ್ತೀನಿ.

ಪ್ರೇಮಲೀಲಾ: ಓದದೆ ಓದಿದ್ದೀನಿ ಅನ್ನೋದು ಸುಳ್ಳು. ಸುಳ್ಳಿಗೆ ನಾನು ಸೇರಲ್ಲ. ಓದಿ, ರೀ.

ಹೆಂಡತಿಯ ಎದುರು ಗಟ್ಟಿಯಾಗಿ ಓದುವುದೆಂದರೆ ಶಿವರುದ್ರಪ್ಪನವರಿಗೆ ಕಟಕಟೆ ಹತ್ತಿದಂತೆ. ಹಕಾರ ಬಿಟ್ಟುಹೋದೀತೆಂಬ ಭಯಕ್ಕೆ, ಇಲ್ಲದ ಕಡೆಯೂ ಒಂದೊಂದು ಸೇರಿಸುತ್ತ ಹೊರಟರು.

ಶಿವರುದ್ರಪ್ಪ: "ಸದರಿ ಹನಕ್ಷರಸ್ಥರು..."

ಪ್ರೇಮಲೀಲಾ: ಅನಕ್ಷರಸ್ಥರು. ನನ್ನನ್ನೇ ಕುರಿತಾದರೆ ಅನಕ್ಷರಸ್ಥೆ. ಮುಂದೆ.

ಶಿವರುದ್ರಪ್ಪ: "...ವಿಮೆಗೆ ಮುನ್ನ ಇಲ್ಲದಿರದ ಯಾವುದೇ ವ್ಯಾಧಿಯು ಹೊರತಾಗದೆ ಇರತಕ್ಕದ್ದಲ್ಲದಿದ್ದಲ್ಲಿ ಹನ್ವಯಿಸುವುದಿಲ್ಲ."

ಪ್ರೇಮಲೀಲಾ: ಅನ್ವಯಿಸುವುದಿಲ್ಲ.

ವಾಗೀಶ: ಅಯ್ಯೋ, ನಿಮ್ಗೆ ಅನ್ವಯಿಸುತ್ತೆ ಮೇಡಂ!

ಪ್ರೇಮಲೀಲಾ: ನಾನು ಉಚ್ಚಾರಣೆ ಹೇಳಿದೆ.

ವಾಗೀಶ: ಓ. ಆದ್ರೆ ಅರ್ಥ ಆಯ್ತಲ್ಲ?

ಪ್ರೇಮಲೀಲಾ: ಇಲ್ಲ. ನಿಮಗೆ ಆಗಿದೆಯೇ?

ವಾಗೀಶ ಆಚೀಚೆ ನೋಡಿ ದನಿ ತಗ್ಗಿಸಿದ.

ವಾಗೀಶ: ಕೆಲ್ಸಕ್ಕೆ ಸೇರ್ದಾಗ ಒಂದ್ಸಲ ಕೇಳ್ದೆ ಮೇಡಂ. ಅರ್ಥ ಕೇಳೋರ್ಗೆ ಪ್ರಮೋಷನ್ ಸಿಗಲ್ಲ ಅಂದ್ರು.

ಪ್ರೇಮಲೀಲಾ: ಹಾಗಾದರೆ ನೀವೂ ಸೈನು ಮಾಡಬೇಡಿ. ನನ್ನ ಪಕ್ಕದಲ್ಲೇ ಒಂದು ಹೆಬ್ಬೆಟ್ಟೊತ್ತಿ.

ಅವರು ಪ್ಯಾಡಿಗೆ ಕೈ ಚಾಚಿದರು. ಮಡಿಚಿಕೊಂಡ ಹೆಬ್ಬೆರಳು ಕಾಗದದ ಮೇಲೆ ಕೂರಲಿಲ್ಲ. ಶಿವರುದ್ರಪ್ಪ ಅದನ್ನು ಹಿಡಿದು ಮೆಲ್ಲಗೆ ಅದುಮಿದರು. ಪ್ರೇಮಲೀಲಾ ಕಣ್ಣು ಮುಚ್ಚಿದರೇ ಹೊರತು ಬಾಯಿ ಬಿಡಲಿಲ್ಲ.

ವಾಗೀಶ: ಸರ್, ಕೆಳಗೆ ನಿಮ್ಮ ಕೈಯಿಂದ್ಲೇ ಒಂದು ಸಾಲು ಬರೀರಿ. ಇವರಿಗೆ ಓದಿ ತಿಳಿಸಿದ್ದೇನೆ ಅಂತ.

ಶಿವರುದ್ರಪ್ಪ ನಾಲಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಕೆತ್ತಿ, ಕಾಗದವನ್ನು ಹೆಂಡತಿಯ ಕಡೆಗೆ ತಿರುಗಿಸಿದರು. ಗುಂಡಗೆ, ದಪ್ಪಗೆ, ಎಲ್ಲರಿಗೂ ಕಾಣುವಂತೆ ಅಲ್ಲಿ ಬರೆದಿತ್ತು: 'ಇವರಿಗೆ ಹೋದಿ ತಿಳಿಸಿದ್ದೇನೆ.'

ವಾಗೀಶ: ನೋಡಿ ಮೇಡಂ, ತಿದ್ದೋದಿದ್ರೆ ಈಗ್ಲೇ ತಿದ್ಸಿ.

ಪ್ರೇಮಲೀಲಾ ಸಾಲನ್ನು ಓದಿದರು. 'ಹೋ' ಅಕ್ಷರದ ಮೇಲೆ ಅವರ ಕಣ್ಣು ನಿಂತಿತು. ಶಿವರುದ್ರಪ್ಪನವರ ಕತ್ತು ತಾನಾಗಿ ಹೆಗಲೊಳಗೆ ಇಳಿಯಿತು.

ಪ್ರೇಮಲೀಲಾ: ಸರಿಯಾಗಿದೆ. ಸೀಲು ಹಾಕಿ.