ಬೂಟಿನಾಕಾರದ ಅಂಗಡಿಯ ಬಾಗಿಲಲ್ಲಿ

ದಿನಕ್ಕೊಬ್ಬರಾದರೂ ನನ್ನ ಮುಂದೆ ನಿಂತು ತಲೆ ಕೆರೆದುಕೊಳ್ಳದಿದ್ದರೆ, ಇವತ್ತು ಅಂಗಡಿಗೆ ರಜೆಯೇನೋ ಎಂದು ನನಗೇ ಅನುಮಾನ ಬರುತ್ತದೆ. ಐಮಂಗಲದ ಹತ್ತಿರ ಹೆದ್ದಾರಿ ಪಕ್ಕ, ಆಟದ ಬೂಟು ಬಟ್ಟೆ ಮಾರುವ ಕಂಪನಿಯೊಂದರ ಅಂಗಡಿಗೆ ನಾನು ಸೆಕ್ಯೂರಿಟಿ. ಕಟ್ಟಡವೇ ಒಂದು ದೊಡ್ಡ ಬೂಟು. ಬೆಂಗಳೂರಿನ ಹೆಡ್ಡಾಫೀಸೂ ಹೀಗೇ ಇದೆಯಂತೆ. ಅಲ್ಲಿಯವರು ಹೇಗೆ ಸಂಭಾಳಿಸುತ್ತಾರೋ ಕಾಣೆ.

ದೃಷ್ಟಿ

ಕಟ್ಟಡ ಮುಗಿಯುವ ಹೊತ್ತಿಗೆ ಹೊಳಲ್ಕೆರೆಯ ಮೇಸ್ತ್ರಿ, ಎಲ್ಲ ಹೊಸ ಕಟ್ಟಡಕ್ಕೂ ಕಟ್ಟುವಂತೆ ಇದಕ್ಕೂ ಒಂದು ಹಳೇ ಚಪ್ಪಲಿ ಕಟ್ಟಿದ. ನಕ್ಷೆ ಮಾಡಿದ ಇಂಜಿನಿಯರು ಸಿಟ್ಟಾಗಿ, ಇಡೀ ಕಟ್ಟಡವೇ ಬೂಟಾಗಿರುವಾಗ ಇದ್ಯಾಕೆ, ಬಿಚ್ಚು ಎಂದರು.

"ಸಾರ್, ಇದು ಹೊಸ ಬೂಟು. ದೃಷ್ಟಿ ಆಗೋದೇ ಹೊಸದಕ್ಕೆ" ಎಂದ ಮೇಸ್ತ್ರಿ.

ಇಂಜಿನಿಯರು ಚಪ್ಪಲಿಯನ್ನೂ ಕಟ್ಟಡವನ್ನೂ ಒಮ್ಮೆ ನೋಡಿ ಕಾರು ಹತ್ತಿದರು.

ಸುತ್ತು

ರಸ್ತೆಗೆ ಕಾಣುವುದು ಬೂಟಿನ ತುದಿ, ಬಾಗಿಲಿರುವುದು ಹಿಮ್ಮಡಿಯಲ್ಲಿ. ಅದೂ ಗಾಜಿನದು. ಹಿರಿಯೂರಿನ ಗಂಡ ಹೆಂಡತಿ ಬಾಗಿಲು ಹುಡುಕುತ್ತ ಒಂದು ಸುತ್ತು ಹಾಕಿದರು, ಸಿಗದೆ ಇನ್ನೊಂದು ಹಾಕಿದರು. ಆಗ ಬಂದ ಟೆಂಪೋದವರು ಇವರನ್ನು ನೋಡಿ ತಾವೂ ಕೈಮುಗಿದು ಹಿಂದೆ ಹಿಂದೆ ಸುತ್ತತೊಡಗಿದರು. ನಾನು ಓಡಿಹೋಗಿ, ಬಾಗಿಲು ಈ ಕಡೆ ಎಂದೆ.

ಟೆಂಪೋದಿಂದ ಇಳಿದಿದ್ದ ಹೆಂಗಸೊಬ್ಬರು, "ಇರಪ್ಪ, ಇನ್ನೊಂದು ಸುತ್ತು ಬಾಕಿ ಐತೆ" ಎಂದರು.

ಮೆಟ್ಟು

ನಮ್ಮ ಕಡೆಯವರು ಹೊಳೆಯುವ ನೆಲ ಕಂಡರೆ ಮೆಟ್ಟು ಹೊರಗೇ ಬಿಡುತ್ತಾರೆ. ಹೆಡ್ಡಾಫೀಸಿನ ದೊಡ್ಡ ಸಾಹೇಬರು ಬರುವ ದಿನ ಮ್ಯಾನೇಜರು ನನ್ನನ್ನು ಕರೆದು, ಬಾಗಿಲಲ್ಲಿ ಒಂದು ಚಪ್ಪಲಿ ಕಂಡರೂ ನಾಳೆಯಿಂದ ಬರಬೇಡ ಎಂದರು. ಮಗಳ ಕಾಲೇಜು ನಡೆಯುತ್ತಿರುವುದೇ ಈ ಕೆಲಸದಿಂದ. ಬಂದವರಿಗೆಲ್ಲ ಕೈಮುಗಿದು, ಹಾಕಿಕೊಂಡೇ ಹೋಗಿ ಎಂದೆ. ಕುರಿ ಕಾಯುವ ಅಜ್ಜನೊಬ್ಬ ಮಾತ್ರ ಕೇಳಲಿಲ್ಲ.

"ಕುರಿ ಹಿಕ್ಕೆ ತುಳಿದ ಮೆಟ್ಟು. ಇಂಥ ನೆಲದ ಮ್ಯಾಲೆ ಹೆಂಗಪ್ಪ ಇಡ್ಲಿ?" ಎಂದು ಬಿಚ್ಚಿಟ್ಟ. ಅವನನ್ನು ನೋಡಿ ಉಳಿದವರೂ ಬಿಚ್ಚಿದರು.

ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ರಾಶಿ ನೋಡಿ ಗಲಿಬಿಲಿಯಾಗಿ, ಇಲ್ಲಿಯ ಪದ್ಧತಿ ಇರಬೇಕೆಂದು ತಾವೂ ಕಂಪನಿಯ ಸ್ಯಾಂಡಲ್ ಕಳಚಿ ಒಳಗೆ ಹೋದರು. ಹೊರಬಂದಾಗ ಸ್ಯಾಂಡಲ್ ಇಲ್ಲ. ಮಬ್ಬುಗಣ್ಣಿನ ಅಜ್ಜ ಅದನ್ನೇ ಮೆಟ್ಟಿಕೊಂಡು ಹೋಗಿದ್ದ. ಉಳಿದಿದ್ದ ಅವನ ಮೆಟ್ಟನ್ನೇ ಹಾಕಿಕೊಂಡು ಸಾಹೇಬರು ಕಾರು ಹತ್ತಿದರು. ಮ್ಯಾನೇಜರು ನೋಡಿದ ನೋಟಕ್ಕೆ ನನ್ನ ಕೆಲಸ ಹೋಯಿತೆಂದೇ ತಿಳಿದೆ.

ಮರುದಿನ ಅಜ್ಜ ಬಂದು ಸ್ಯಾಂಡಲ್ ಮುಂದಿಟ್ಟ. ಅದಲು ಬದಲಾಗಿದೆ, ಇದು ಕಾಲು ಕಚ್ಚುತ್ತದೆ, ನನ್ನದು ಕೊಡು ಎಂದ. ಮ್ಯಾನೇಜರು ಹೆಡ್ಡಾಫೀಸಿಗೆ ಫೋನು ಮಾಡಿದರು. ಮಾತು ಮುಗಿಸಿ ನನ್ನ ಕಡೆ ತಿರುಗಿದಾಗ ಅವರ ಮುಖ ನೋಡಬೇಕಿತ್ತು. ಸಾಹೇಬರಿಗೆ ಆ ಮೆಟ್ಟು ಬಿಚ್ಚಲು ಮನಸ್ಸಿಲ್ಲವಂತೆ, ನಾನು ಕೆಲಸದಲ್ಲೇ ಇರಬೇಕಂತೆ, ಅಜ್ಜ ಅಂಗಡಿಯಲ್ಲಿ ಇಷ್ಟಬಂದದ್ದನ್ನು ತೆಗೆದುಕೊಳ್ಳಬಹುದಂತೆ.

ಅಜ್ಜ ಅಂಗಡಿಯೆಲ್ಲ ತಿರುಗಿ, ಒಂದೊಂದೇ ಬೂಟು ಬಗ್ಗಿಸಿ ನೋಡಿ, ಬರಿಗಾಲಲ್ಲೇ ಹೊರಬಂದ.

"ಬ್ಯಾಡಪ್ಪ. ಅವರಿಗೆ ನಂದು ಸಾಕಾದ್ ಮ್ಯಾಲೆ ಹೇಳು, ಬತ್ತೀನಿ" ಎಂದ.