ಮೊದಲು ಮಾದಸ್ವಾಮಿಯ ಫೋನಿನಲ್ಲಿ

ಹನೂರಿನ ಬೆಳೆಗಾರರ ಸಂಘದ ಶಾಖೆಯಲ್ಲಿ ಹೊಸದು ಏನೇ ಬಂದರೂ ಅದನ್ನು ಮೊದಲು ಕಿರಿಯ ಗುಮಾಸ್ತ ಮಾದಸ್ವಾಮಿಯ ಮೇಲೆ ಪ್ರಯೋಗಿಸಿ ನೋಡುವುದು ವಾಡಿಕೆ. ಹೊಸ ಕುರ್ಚಿ ಬಂದರೆ ಮೊದಲು ಅವನೇ ಕೂರಬೇಕು. ಎದುರಿನ ಹೊಸ ಹೋಟೆಲಿನ ಬೋಂಡವನ್ನು ಮೊದಲು ಅವನೇ ತಿನ್ನಬೇಕು. ಅವನಿಗೆ ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಉಳಿದವರು ಮುಂದುವರಿಯುತ್ತಿದ್ದರು. ಹಾಗಾಗಿ ಕೊಳ್ಳೇಗಾಲದ ಮುಖ್ಯ ಕಚೇರಿಯಿಂದ ‘ವೃತ್ತಿ ವಿಕಾಸ’ ಎಂಬ ಆನ್‌ಲೈನ್ ತರಬೇತಿ ಬಂದ ದಿನ ಎಲ್ಲರ ಕಣ್ಣೂ ಅವನ ಮೇಲೇ ಬಿತ್ತು.

ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ವಿಡಿಯೊ ನೋಡಿ, ಕೊನೆಯ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ಅವಕಾಶ ಒಂದೇ ಸಲ. ಸಂಜೆಯೊಳಗೆ ಮುಗಿಯಬೇಕು. ಮ್ಯಾನೇಜರ್ ಶಿವರುದ್ರಸ್ವಾಮಿಯವರು ಮರುಮಾತಿಲ್ಲದೆ ತಮ್ಮ ಫೋನನ್ನು ಮಾದಸ್ವಾಮಿಯ ಮೇಜಿನ ಮೇಲಿಟ್ಟರು. ಕಂಪ್ಯೂಟರ್ ನೋಡಿಕೊಳ್ಳುವ ಕವಿತ ತನ್ನದನ್ನೂ ಇಟ್ಟಳು. ಕಚೇರಿಯ ಹಿಂದೆಯೇ ಮನೆ ಇರುವ ಗುಮಾಸ್ತ ನಿಂಗರಾಜು ಮಾತ್ರ, ಊಟ ಮಾಡಿ ಒಂದು ನಿದ್ದೆ ತೆಗೆದು ಬಂದು ಕೊಡುತ್ತೇನೆಂದು ಹೊರಟುಹೋದ.

“ಶಾಖೆಯೋರೆಲ್ಲ ಪಾಸಾದ್ರೆ ನಿನ್ ವರ್ಗಾವಣೆ ಅರ್ಜಿ ಇವತ್ತೇ ಮೇಲಕ್ಕೆ ಕಳಿಸ್ತೀನಿ ಕಣಪ್ಪ,” ಎಂದರು ಮ್ಯಾನೇಜರ್.

ಆ ಅರ್ಜಿಯೇ ಮಾದಸ್ವಾಮಿಯ ಪ್ರಾಣ. ಮನೆ ಯಳಂದೂರಿನಲ್ಲಿ, ಕೆಲಸ ಹನೂರಿನಲ್ಲಿ. ಮಗಳು ಏಳುವ ಮೊದಲೇ ಬಸ್ಸು ಹತ್ತಿ, ಕೊಳ್ಳೇಗಾಲದಲ್ಲಿ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದ. ಅವಳು ಮಲಗಿದ ಮೇಲೆ ಮನೆ ಸೇರುತ್ತಿದ್ದ. ಹೋದ ಭಾನುವಾರ ಆ ಮಗು ತಾಯಿಯ ಸೆರಗು ಹಿಡಿದು, “ಅವ್ವ, ಈ ಮಾಮ ಯಾವಾಗ ಓಯ್ತರೆ?” ಎಂದು ಕೇಳಿತ್ತು. ಹೆಂಡತಿ ರೂಪ ನಕ್ಕಿದ್ದಳು. ಅವನಿಗೆ ನಗು ಬಂದಿರಲಿಲ್ಲ. ಯಳಂದೂರಿನ ಶಾಖೆಯಲ್ಲಿ ಗುಮಾಸ್ತನ ಒಂದು ಜಾಗ ಖಾಲಿ ಇತ್ತು.

“ಅಣ್ಣ, ಮೊದ್ಲು ನಿಮ್ದ್ರಲ್ಲೇ ಮಾಡ್ನೋಡಿ. ಕೆಟ್ರೂ ಒಂದೇ ಕೆಡ್ತದೆ,” ಎಂದಳು ಕವಿತ. ವಾಡಿಕೆ ವಾಡಿಕೆಯೇ. ಮಾದಸ್ವಾಮಿ ನೆಟ್‌ವರ್ಕ್ ಸಿಗುವ ತಾರಸಿಯ ಮೆಟ್ಟಿಲ ಮೇಲೆ ಹೋಗಿ ಕುಳಿತ.

ವಿಡಿಯೊದಲ್ಲಿ ಟೈ ಕಟ್ಟಿದವರೊಬ್ಬರು ಬಂದು, ಇತರರ ಕೆಲಸವನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಡಿ, ‘ಇಲ್ಲ’ ಎನ್ನಲು ಕಲಿಯಿರಿ ಎಂದು ಬೋಧಿಸಿದರು. ಆಮೇಲೆ ಪ್ರಶ್ನೆಗಳು ಬಂದವು. ಮೇಲಧಿಕಾರಿ ತಪ್ಪು ಮಾಡಿದರೆ ಏನು ಮಾಡುತ್ತೀರಿ? ಮಾದಸ್ವಾಮಿ ಅನುಭವದಿಂದ ‘ಸುಮ್ಮನಿರುತ್ತೇನೆ’ ಎಂಬುದನ್ನು ಒತ್ತಿದ. ಕೆಲಸ ಹೆಚ್ಚಾದರೆ? ‘ನಾನೇ ಮಾಡಿ ಮುಗಿಸುತ್ತೇನೆ’. ಅರಿಸಿನ ತೂಕ ಹಾಕಿಸಲು ಬಂದಿದ್ದ ಬಂಡಳ್ಳಿಯ ಮಾದಣ್ಣ ಹೆಗಲ ಮೇಲಿಂದ ಇಣುಕಿ, “ಮೂರ್ನೇದ್ನ ಒತ್ತಿ ಸಾ, ನೋಡಕ್ಕೆ ಉದ್ದುಕ್ಕದೆ,” ಎಂದು ಸಲಹೆ ಕೊಟ್ಟ. ಅದನ್ನೂ ಒತ್ತಿದ. ಫಲಿತಾಂಶ ಬಂತು. ಹೇಗೋ ಪಾಸಾಗಿದ್ದ, ಅಷ್ಟೇ. ತಪ್ಪುಗಳ ಪಕ್ಕದಲ್ಲಿ ಸರಿ ಉತ್ತರಗಳೂ ಕಂಡವು. ಅವನ್ನು ಶ್ರದ್ಧೆಯಿಂದ ಓದಿಕೊಂಡ.

ಎರಡನೆಯದು ಮ್ಯಾನೇಜರರ ಫೋನು. ನಡುವೆ ಅವರ ಹೆಂಡತಿ ಕರೆ ಮಾಡಿದರು. ಸಾಹೇಬರು ತರಬೇತಿಯಲ್ಲಿದ್ದಾರೆ ಎಂದರೆ ನಂಬದೆ, ಸುಳ್ಳು ಹೇಳುವುದಕ್ಕೂ ಆಳು ಇಟ್ಟುಕೊಂಡಿದ್ದಾರಾ ಎಂದು ಅವನನ್ನೇ ಬೈದರು. ಕವಿತಳ ಫೋನಿನ ಚಾರ್ಜು ಅರ್ಧಕ್ಕೇ ಮುಗಿಯಿತು. ಚಾರ್ಜರ್ ಚುಚ್ಚುವ ಜಾಗ ಇದ್ದದ್ದು ತೂಕದ ಯಂತ್ರದ ಹಿಂದೆ. ಅರಿಸಿನದ ಮೂಟೆಗಳ ನಡುವೆ ಕುಕ್ಕರುಗಾಲಿನಲ್ಲಿ ಕುಳಿತು ಮುಗಿಸಿ ಎದ್ದಾಗ ಮಾದಸ್ವಾಮಿ ಶಾಸ್ತ್ರಕ್ಕೆ ಕೂರಿಸಿದ ಮದುಮಗನಂತೆ ಹಳದಿಯಾಗಿದ್ದ. ಮಧ್ಯಾಹ್ನದ ಊಟ ತಪ್ಪಿಹೋಗಿತ್ತು.

ನಿಂಗರಾಜು ಆಕಳಿಸುತ್ತ ಬಂದು ಫೋನು ಕೊಟ್ಟಾಗ ಮಾದಸ್ವಾಮಿಗೆ ಪಾಠವೆಲ್ಲ ಬಾಯಿಗೇ ಬಂದಿತ್ತು. ಒಂದೂ ತಪ್ಪದೆ ಒತ್ತಿದ. ಪರದೆಯ ಮೇಲೆ ಹೂಗಳು ಉದುರಿದವು. ತಾನು ನಿಜವಾಗಿಯೂ ಏನೋ ಕಲಿತೆನೆಂದು ಅವನಿಗೆ ಸಂತೋಷವಾಯಿತು. ರೂಪಳಿಗೆ ಫೋನು ಮಾಡಿ, ಇನ್ನೇನು ಯಳಂದೂರಿಗೇ ಬಂದುಬಿಡುತ್ತೇನೆ ಎಂದ.

ಸಂಜೆ ಕೊಳ್ಳೇಗಾಲದಿಂದ ಕರೆ ಬಂತು. ಮ್ಯಾನೇಜರ್ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಮುಖ್ಯ ಕಚೇರಿಯವರು ಶಾಖೆಯನ್ನು ಅಭಿನಂದಿಸಿದರು. ಯಳಂದೂರಿನ ಜಾಗವನ್ನು ಈ ಸಲ ಅರ್ಜಿ ನೋಡಿ ಕೊಡುವುದಿಲ್ಲ, ಪ್ರತಿಭೆ ನೋಡಿ ಕೊಡುತ್ತೇವೆ ಎಂದರು. ಪೂರ್ತಿ ಅಂಕ ತೆಗೆದ ನಿಂಗರಾಜುವನ್ನು ಅಲ್ಲಿಗೆ ಹಾಕಿದ್ದೇವೆ. ಎಲ್ಲರಿಗಿಂತ ಕಡಿಮೆ ತೆಗೆದ ಮಾದಸ್ವಾಮಿ ಮತ್ತೆ ತರಬೇತಿ ಪಡೆದು ಸುಧಾರಿಸುವವರೆಗೂ ಹನೂರು ಬಿಡುವಂತಿಲ್ಲ ಎಂದೂ ಸೇರಿಸಿದರು.

ಮಾದಸ್ವಾಮಿ ಮ್ಯಾನೇಜರರ ಮುಖ ನೋಡಿದ. ಅವರು ಫ್ಯಾನು ನೋಡಿದರು. ನಿಜ ಹೇಳಿದರೆ ಎಲ್ಲರ ಕೆಲಸವೂ ಹೋಗುತ್ತಿತ್ತು, ಅವನದೇ ಮೊದಲು.

“ನಮ್ಮನೆ ಇಲ್ಲೇ ಇತ್ತಿಲಲ್ಲೇ ಅದೆ, ನಂಗ್ಯಾಕ್ಲಾ ಯಳಂದೂರು?” ಎಂದು ನಿಂಗರಾಜು ಫೋನಿಗೆ ಕೇಳದಂತೆ ಪಿಸುದನಿಯಲ್ಲೇ ಅವನ ಮೇಲೆ ಹರಿಹಾಯ್ದ. “ಅಷ್ಟ್ ಚೆನ್ನಾಗಿ ಒತ್ತು ಅಂತ ನಿಂಗ್ಯಾರ್ಲಾ ಏಳಿದ್ರು?”

ಅಷ್ಟರಲ್ಲಿ ಸ್ಪೀಕರಿನಲ್ಲಿ ಇನ್ನೊಂದು ಮಾತು ಬಂತು: ನಾಳೆ ಬೆಳಿಗ್ಗೆ ಮಾದಸ್ವಾಮಿಗೆ ತರಬೇತಿ ಕೊಡುವವನೂ ನಿಂಗರಾಜುವೇ.

ಕರೆ ಮುಗಿಯುವಷ್ಟರಲ್ಲಿ ನಿಂಗರಾಜುವಿನ ಸಿಟ್ಟು ಜರ್ರನೆ ಇಳಿದಿತ್ತು. ಕುರ್ಚಿ ಎಳೆದುಕೊಂಡು ಹತ್ತಿರ ಕೂತ.

“ಲೇ ಮಾದಸ್ವಾಮಿ, ನಾ ಆ ವಿಡಿಯೊನೇ ನೋಡಿಲ್ಲ ಕಣ್ಲಾ. ನಾಳೆ ನಿಂಗ್ ಏನ್ ಪಾಠ ಮಾಡ್ಬೇಕು ಅಂತ ಈಗ್ಲೇ ಬರ್ಕೊಟ್ ಓಗು.”

ಹೊರಗೆ ಕೊಳ್ಳೇಗಾಲದ ಬಸ್ಸು ಹಾರನ್ ಹೊಡೆಯಿತು. ಮಾದಸ್ವಾಮಿ ‘ಇಲ್ಲ’ ಎನ್ನಲು ಬಾಯಿ ತೆರೆದ.

“ಆಯ್ತು ಕಣಣ್ಣ,” ಎಂದ.

ಬಸ್ಸು ಹೊರಟುಹೋಯಿತು. ಅವನು ಬಿಳಿ ಹಾಳೆಯೊಂದನ್ನು ತೆಗೆದು, ಮೇಲ್ಗಡೆ ದುಂಡಗೆ ‘ಮೊದಲನೆಯ ಪಾಠ: ಇಲ್ಲ ಎನ್ನುವುದು ಹೇಗೆ’ ಎಂದು ಬರೆದು ಅಡಿಗೆರೆ ಎಳೆದ.