ಅಳಿದ ಧರ್ಮಗಳು ಅಳಿದೇ ಇರತಕ್ಕ ಬಗ್ಗೆ

ಕ್ರಮಾಂಕ: ಪದಕೋಶ/ಪ್ರಾ.ನಾ./ಅಳಿದವು/2024-25
ದಿನಾಂಕ: 18-11-2024, ಸೋಮವಾರ

ಸುತ್ತೋಲೆ

ವಿಷಯ: "ಆದಿ ನಾಗರಿಕತೆಗಳು ಮತ್ತು ಅವುಗಳ ಧರ್ಮ: ಮುಖ್ಯ ಪದಗಳು" ಪಾಠವನ್ನು ಕಾಫಿ ತೋಟಗಳಿಂದ ಸುರಕ್ಷಿತ ದೂರದಲ್ಲಿ ಬೋಧಿಸುವ ಕುರಿತು.

ಉಲ್ಲೇಖ: 1. ವಿಷಯ ಪರಿವೀಕ್ಷಕರಾದ ಶ್ರೀ ವಿಷ್ಣುಮೂರ್ತಿಯವರ ಶಾಲಾ ಭೇಟಿ ವರದಿ.
2. ಗೋಣಿಬೀಡು ಸಮೀಪದ ಪ್ರೌಢಶಾಲೆಯ ಶಿಕ್ಷಕಿ ಶ್ರೀಮತಿ ಮಾಲವಿಕಾ ಅವರ ಸಮಜಾಯಿಷಿ.

ಪೀಠಿಕೆ:

ಸದರಿ ಪಾಠದ ಪದಪಟ್ಟಿಯಲ್ಲಿ "ಬಹುದೇವತಾರಾಧನೆ: ಮರ, ಕಲ್ಲು, ಮಳೆ ಮುಂತಾಗಿ ಅನೇಕ ದೇವತೆಗಳನ್ನು ಪೂಜಿಸುವುದು, ಈಗ ಅಳಿದುಹೋಗಿದೆ" ಎಂದು ಇಲಾಖೆಯು ದಪ್ಪಕ್ಷರದಲ್ಲಿ ಮುದ್ರಿಸಿರುತ್ತದೆ. ಹೀಗಿದ್ದಾಗ್ಯೂ ಘಟಕ ಪರೀಕ್ಷೆಯಲ್ಲಿ ವಿದ್ಯಾರ್ಥಿನಿ ಕು. ರಕ್ಷಾ, "ಅಳಿದಿಲ್ಲ. ನಮ್ಮಜ್ಜಿ ಹೋದ ವಾರ ಮಾಡಿದಾರೆ" ಎಂದು ಬರೆದಿದ್ದು, ಶಿಕ್ಷಕಿಯು ಪೂರ್ಣ ಅಂಕ ನೀಡಿರುತ್ತಾರೆ. ಸೊನ್ನೆ ಹಾಕುವಂತೆ ಪರಿವೀಕ್ಷಕರು ಸೂಚಿಸಲಾಗಿ, "ಹುಡುಗಿ ಕಂಡಿದ್ದನ್ನ ಬರ್ದಿದಾಳೆ ಸಾರ್, ಸುಳ್ಳು ಅಂತ ನಾನು ಹೆಂಗೆ ಗೀಟು ಹಾಕ್ಲಿ?" ಎಂದು ಶಿಕ್ಷಕಿಯು ಮರುಪ್ರಶ್ನೆ ಹಾಕಿರುತ್ತಾರೆ.

ಇದು ಸಾಲದೆಂಬಂತೆ ಮರುದಿನ ಸದರಿ ಅಜ್ಜಿಯವರೇ, ಅಂದರೆ ತೋಟದ ಅಂಚಿನಲ್ಲಿ ಕಾವಲು ದೇವತೆ ಚೌಡಿಯ ಕಲ್ಲಿಗೆ ಪೂಜೆ ಮಾಡುವ ಶ್ರೀಮತಿ ನಂಜಮ್ಮನವರು, ತರಗತಿಗೆ ಬಂದು, "ಅಳಿದೋಯ್ತು ಅಂತ ಯಾರಂದ್ರು? ಬೇಕಿದ್ರೆ ನೀವೂ ಬನ್ನಿ, ಪ್ರಸಾದ ಕೊಡ್ತೀನಿ" ಎಂದು ಪರಿವೀಕ್ಷಕರನ್ನು ಆಹ್ವಾನಿಸಿರುತ್ತಾರೆ. ಅಂಕ ಕಳೆದರೆ ಅಜ್ಜಿಯನ್ನೇ ಸುಳ್ಳಿ ಅಂದಂತಾಗುತ್ತದೆಂದು ಬಾಲಕಿಯು ಅತ್ತಿರುವುದನ್ನು ವರದಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ನಮೂದಿಸಲಾಗಿದೆ. ಅಂಕ ಉಳಿಯಬೇಕೋ ಹೋಗಬೇಕೋ ಎಂಬುದು ಈಗ ಕೆಳಸಹಿದಾರರ ಮೇಜಿನ ಮೇಲಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ ತಾಲ್ಲೂಕಿನ ಎಲ್ಲ ಶಿಕ್ಷಕರಿಗೂ ಅಪ್ಪಣೆ ಮಾಡುವುದೇನೆಂದರೆ:

1. ಪ್ರಾಚೀನ ಧರ್ಮಗಳನ್ನು ಆಚರಿಸುವವರು ಕಡ್ಡಾಯವಾಗಿ ಮೃತಪಟ್ಟಿರತಕ್ಕದ್ದು. ಇನ್ನೂ ಜೀವಂತವಿರುವವರು ಅದಕ್ಕೆ ಸೂಕ್ತ ಕಾರಣ ನೀಡತಕ್ಕದ್ದು.

2. ಬಹುದೇವತಾರಾಧನೆಗೆ ಈಜಿಪ್ಟ್ ಮತ್ತು ಮೆಸೊಪೊಟೇಮಿಯಾಗಳಿಂದ ಮಾತ್ರ ಉದಾಹರಣೆ ಕೊಡತಕ್ಕದ್ದು. ನಮ್ಮ ಕಳಸ ಸೀಮೆಯಿಂದ ಕೊಡಲೇಬೇಕಾದಲ್ಲಿ ಮೂರು ಸಾವಿರ ವರ್ಷ ಮುಂಚಿತವಾಗಿ ಅನುಮತಿ ಪಡೆದಿರತಕ್ಕದ್ದು.

3. "ಶ್ರಮ ವಿಭಜನೆ" ಎಂಬ ಪದಕ್ಕೆ ಮಕ್ಕಳು ತೋಟದ ಸಾಹುಕಾರ್ರು, ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಆಳು ಎಂದೂ, "ಹೆಚ್ಚುವರಿ ಉತ್ಪನ್ನ" ಎಂಬುದಕ್ಕೆ ಗೋಡೌನಿನ ಪಾರ್ಚ್‌ಮೆಂಟ್ ಕಾಫಿ ಮೂಟೆ ಎಂದೂ ಬರೆದಿರುತ್ತಾರೆ. ಉತ್ತರಗಳು ಸರಿಯಾಗಿಯೇ ಇರುವುದರಿಂದ ಇಲಾಖೆಗೆ ತೀವ್ರ ಮುಜುಗರವಾಗಿದೆ.

4. "ಜಿಗ್ಗುರಾಟ್" ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ದೇಗುಲ. ಇದನ್ನು ವಿವರಿಸಲು ಕಾಫಿ ಕಣದಲ್ಲಿ ಮೂಟೆ ಪೇರಿಸಿ, ತುದಿಯಲ್ಲಿ ಪರಿವೀಕ್ಷಕರ ಹೆಲ್ಮೆಟ್ ಪ್ರತಿಷ್ಠಾಪಿಸಿ, ಕುಂಕುಮವಿಟ್ಟು ಊದುಬತ್ತಿ ಹಚ್ಚುವುದನ್ನು ನಿಷೇಧಿಸಲಾಗಿದೆ. ಸದರಿ ಹೆಲ್ಮೆಟ್ಟಿನ ಕುಂಕುಮ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಮೂಡಿಗೆರೆ ಬಸ್ ನಿಲ್ದಾಣದಲ್ಲಿ ಇಬ್ಬರು ಅದಕ್ಕೆ ಕೈ ಮುಗಿದಿರುವುದಾಗಿಯೂ ತಿಳಿದುಬಂದಿದೆ.

5. ಶಾಲಾ ಅವಧಿಯಲ್ಲಿ ಚೌಡಿಯು ಅಸ್ತಿತ್ವದಲ್ಲಿ ಇರತಕ್ಕದ್ದಲ್ಲ. ಭಾನುವಾರ ಹಾಗೂ ಸರ್ಕಾರಿ ರಜಾದಿನಗಳಂದು ಇರಲು ಇಲಾಖೆಯ ಅಭ್ಯಂತರವಿಲ್ಲ.

6. ಹರಕೆಯ ಕೋಳಿಯು ಶಾಲಾ ಆವರಣ ಪ್ರವೇಶಿಸಿದಲ್ಲಿ ಅದನ್ನು "ಬಲಿ" ಎಂಬ ಪದದಡಿ ಪರಿಗಣಿಸದೆ "ಪ್ರಾಣಿಗಳ ಪಳಗಿಸುವಿಕೆ" ಎಂಬ ಪದದಡಿ ಪರಿಗಣಿಸತಕ್ಕದ್ದು. ಈ ಬಗ್ಗೆ ಕೋಳಿಗೂ ಮುಂಚಿತವಾಗಿ ತಿಳಿವಳಿಕೆ ನೀಡತಕ್ಕದ್ದು.

7. ಬಹುದೇವತಾರಾಧನೆಯು ಅಳಿದಿರುವುದನ್ನು ಖಚಿತಪಡಿಸಿಕೊಳ್ಳಲು ಕೆಳಸಹಿದಾರರು ಮಂಗಳವಾರ ನಂಜಮ್ಮನವರ ಚೌಡಿಕಲ್ಲಿಗೆ ಖುದ್ದು ಭೇಟಿ ನೀಡುವುದೆಂದು ನಿಗದಿಯಾಗಿತ್ತು. ಆದರೆ ಈ ಸುತ್ತೋಲೆಯ ಆರನೇ ಕಲಂ ಟೈಪಾಗುತ್ತಿರುವಾಗ ಮಲ್ಲಂದೂರಿನಿಂದ ಕೆಳಸಹಿದಾರರ ತಾಯಿಯವರು ಫೋನ್ ಮಾಡಿ, "ನಾಳೆ ನಮ್ಮ ಚೌಡಿಗೆ ಕೋಳಿ ಕೊಡೋದುಂಟು. ನೀನು ಬರ್ದೇ ಇದ್ರೆ ಕಾಫಿ ಕುಯ್ಲು ಶುರು ಮಾಡೋ ಹಂಗಿಲ್ಲ. ಆಫೀಸಿಗೆ ಏನಾರ ಹೇಳಿ ಬಾ ಮಾರಾಯ" ಎಂದು ತಿಳಿಸಿರುತ್ತಾರೆ. ತಾಯಿಯವರ ಆದೇಶಕ್ಕೆ ಮೇಲ್ಮನವಿಗೆ ಅವಕಾಶವಿರುವುದಿಲ್ಲ.

ರಜೆ ಅರ್ಜಿಯಲ್ಲಿ ಕಾರಣ ಬರೆಯುವಾಗ ಜ್ವರ, ಮದುವೆ, ಹಲ್ಲುನೋವು ಎಲ್ಲವನ್ನೂ ಪರಿಶೀಲಿಸಲಾಯಿತು. ಕೊನೆಗೆ "ಮನೆಯ ಚೌಡಿ ಪೂಜೆ" ಎಂದೇ ಬರೆಯಲಾಗಿದೆ. ಹಾಗೆ ಬರೆದ ಪೆನ್ನಿನಲ್ಲೇ ಆ ಮಗುವಿನ ಉತ್ತರಕ್ಕೆ ಗೀಟು ಹಾಕಲು ಕೆಳಸಹಿದಾರರಿಗೆ ನಿಜಕ್ಕೂ ನಾಚಿಕೆಯಾಗಿರುತ್ತದೆ.

8. ಆದ್ದರಿಂದ ಕು. ರಕ್ಷಾಳ ಉತ್ತರ ಸರಿಯೆಂದು ಪರಿಗಣಿಸಿ ಪೂರ್ಣ ಅಂಕವನ್ನು ಉಳಿಸಲಾಗಿದೆ. ಪದಪಟ್ಟಿಯಲ್ಲಿ "ಈಗ ಅಳಿದುಹೋಗಿದೆ" ಎಂದಿರುವಲ್ಲೆಲ್ಲ "ಇಲಾಖೆಗೆ ಗೊತ್ತಿಲ್ಲ" ಎಂದು ಓದಿಕೊಳ್ಳತಕ್ಕದ್ದು. ಕಲಂ 1ರಿಂದ 6 ಯಥಾವತ್ತಾಗಿ ಜಾರಿಯಲ್ಲಿರುತ್ತವೆ, ಯಾರೂ ಪಾಲಿಸಬೇಕಾಗಿಲ್ಲ.

ಸಹಿ/-
(ಎಂ. ಸುಬ್ಬಣ್ಣ)
ಪದಕೋಶ ಅಧಿಕಾರಿ
(ನಾಳೆ ರಜೆಯ ಮೇಲೆ)

ಪ್ರತಿಗಳು:

1. ಶ್ರೀ ವಿಷ್ಣುಮೂರ್ತಿ, ವಿಷಯ ಪರಿವೀಕ್ಷಕರು: ಮಾಹಿತಿಗಾಗಿ. ಹೊಸ ಹೆಲ್ಮೆಟ್ ಕುರಿತು ಪ್ರತ್ಯೇಕವಾಗಿ ಬರೆಯಲಾಗುವುದು.
2. ಶ್ರೀಮತಿ ಮಾಲವಿಕಾ, ಸಹ ಶಿಕ್ಷಕಿ: ಕೆಂಪು ಪೆನ್ನಿಗೆ ಮುಚ್ಚಳ ಹಾಕುವ ಸಲುವಾಗಿ.
3. ಮೆಸೊಪೊಟೇಮಿಯಾ: ವಿಳಾಸ ಸಿಗದೆ ಹಿಂದಿರುಗಿದೆ.
4. ಕಚೇರಿ ಪ್ರತಿ.
5. ಶ್ರೀಮತಿ ನಂಜಮ್ಮ: ಮೊಮ್ಮಗಳು ಎಂಟನೇ ಕಲಂ ಒಂದನ್ನೇ ಗಟ್ಟಿಯಾಗಿ ಓದಿ ಹೇಳತಕ್ಕದ್ದು, ಅಜ್ಜಿ ಕೇಳಿದಷ್ಟು ಸಲ.